ಸವತಿ ಹೊರಳಿದರೆ ವಸತಿ: ಕನ್ನಡದಲ್ಲಿ ಅಕ್ಷರಪಲ್ಲಟ ಆಡುವ ಬಗೆ

ಕಳೆದ ಬೇಸಿಗೆ ರಜೆಗೆ ಅಕ್ಕನ ಮಕ್ಕಳು ಬೆಳಗಾವಿಯಿಂದ ವಿಜಯಪುರಕ್ಕೆ, ನಮ್ಮ ಮನೆಗೆ ಬಂದಿದ್ದರು. ಒಂದು ಸಂಜೆ ಕರೆಂಟ್ ಹೋಯಿತು. ಎಲ್ಲರೂ ಕಟ್ಟೆಯ ಮೇಲೆ ಬಂದು ಕೂತೆವು. ದೊಡ್ಡವನು ಇಂಗ್ಲಿಷ್ ಮೀಡಿಯಂ ಹುಡುಗ. "ಮಾಮಾ, ಲಿಸನ್ ಅನ್ನೋದರ ಅಕ್ಷರ ಅದಲುಬದಲು ಮಾಡಿದರ ಸೈಲೆಂಟ್ ಆಗ್ತದ, ಗೊತ್ತೇನು?" ಎಂದ.

ನಾನು ಬಾಯಿ ತೆಗೆಯುವ ಮೊದಲೇ ನಮ್ಮ ಅವ್ವ ಹೇಳಿದಳು: "ಸವತಿನ್ನ ಹೊಳ್ಳಿಸಿದರ ವಸತಿ ಆಗ್ತದ. ಅದು ಗೊತ್ತದ ಏನು ನಿನಗ?"

ಹುಡುಗ ಬೆರಳು ಮಡಚಿ ಲೆಕ್ಕ ಹಾಕಿದ. ಸ, ವ, ತಿ. ವ, ಸ, ತಿ. "ಹೌದಲ್ಲ ಆಯಿ!" ಎಂದು ಕೂಗಿದ. ಕರೆಂಟ್ ಬಂದರೂ ಆಟ ನಿಲ್ಲಲಿಲ್ಲ. ಆ ರಜೆಯಲ್ಲಿ ನಾವು ಆಡಿದ್ದು, ಜಗಳಾಡಿದ್ದು, ಕಲಿತದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಪದಬಂಧ ಬಿಡಿಸುವವರಿಗೂ ಮನೆಯಲ್ಲಿ ಮಕ್ಕಳಿಗೆ ಆಟ ಕಟ್ಟಿಕೊಡುವವರಿಗೂ ಇದು ಕೆಲಸಕ್ಕೆ ಬರುತ್ತದೆ.

ಮೊದಲು: ಅಕ್ಷರ ಅಂದರೆ ಯಾವುದು?

ಇದೊಂದು ಸರಿಯಾದರೆ ಅರ್ಧ ಕೆಲಸ ಮುಗಿದಂತೆ. ಇಂಗ್ಲಿಷಿನಲ್ಲಿ ಸ್ವರ ಬೇರೆ, ವ್ಯಂಜನ ಬೇರೆ. ಒಂದೊಂದನ್ನೂ ಕಿತ್ತು ಎಲ್ಲಿ ಬೇಕಾದರೂ ಇಡಬಹುದು. ಕನ್ನಡದಲ್ಲಿ ಹಾಗಲ್ಲ. ಇಲ್ಲಿ ಅಕ್ಷರ ತನ್ನ ಗುಡಿಸು, ಕೊಂಬು, ಒತ್ತು, ಸೊನ್ನೆ ಎಲ್ಲವನ್ನೂ ಹೊತ್ತುಕೊಂಡೇ ಜಾಗ ಬದಲಿಸುತ್ತದೆ. 'ನದಿ' ಅಂದರೆ ನ ಮತ್ತು ದಿ. ತಿರುಗಿಸಿದರೆ 'ದಿನ'. ದಿ ಅಕ್ಷರದ ಗುಡಿಸು ದ ಜೊತೆಗೇ ಹೋಯಿತು, ನೋಡಿ. ಅದನ್ನು ಬಿಡಿಸಿ ನ ಮೇಲೆ ಹಾಕುವಂತಿಲ್ಲ.

ನಮ್ಮಲ್ಲಿ ಇದು ಹೊಸದೇನೂ ಅಲ್ಲ. ಬೇಡನಾಗಿದ್ದ ವಾಲ್ಮೀಕಿ 'ಮರಾ ಮರಾ' ಅನ್ನುತ್ತ ಅನ್ನುತ್ತ ಅದೇ 'ರಾಮ ರಾಮ' ಆಯಿತು ಎಂಬ ಕತೆಯನ್ನು ಎಲ್ಲರೂ ಕೇಳಿದ್ದೇವೆ. ಅಲ್ಲಿ ಆದದ್ದು ಇದೇ. ಮ, ರಾ ಹೋಗಿ ರಾ, ಮ ಬಂತು.

ಫೋನಿನಲ್ಲಿ ಸಿಗುವ ಅಕ್ಷರ ಕಲಸುವ ಆ್ಯಪ್‌ಗಳು ಕನ್ನಡಕ್ಕೆ ಬಂದರೆ ಎಡವುವುದು ಇಲ್ಲೇ. 'ಬೆಳಗಾವಿ' ನಮಗೆ 4 ಅಕ್ಷರ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಅದು 7 ತುಂಡು: ಬ, ಎತ್ವ, ಳ, ಗ, ಇಳಿ, ವ, ಗುಡಿಸು. ಇಂಗ್ಲಿಷಿಗೆಂದು ಮಾಡಿದ ಆ್ಯಪ್ ಈ 7 ತುಂಡುಗಳನ್ನೂ ಬೇರೆ ಬೇರೆ ಮಾಡಿ ಕಲಸುತ್ತದೆ. ಗುಡಿಸು ಒಂದು ಕಡೆ, ಇಳಿ ಇನ್ನೊಂದು ಕಡೆ ಜೋತಾಡುತ್ತವೆ. ನಮ್ಮ ಹುಡುಗ ಹಾಗೆ ಮಾಡಿ ತೋರಿಸಿದ್ದನ್ನು ಓದಲಿಕ್ಕೇ ಆಗಲಿಲ್ಲ. ಫೋನ್ ಬದಿಗಿಟ್ಟು ಕಾಗದ ತೆಗೆದುಕೊಳ್ಳಿ.

ಚೀಟಿ ಮಾಡಿಕೊಳ್ಳಿ

ಹಳೆಯ ಲಗ್ನಪತ್ರಿಕೆಗಳು ಮನೆಯಲ್ಲಿ ಬಿದ್ದಿರುತ್ತವೆ ಅಲ್ವಾ? ದಪ್ಪ ಕಾಗದ, ಹಿಂದೆ ಖಾಲಿ. ಎರಡು ಬೆರಳಗಲದ ಚೌಕ ಕತ್ತರಿಸಿ, ಒಂದು ಚೌಕಕ್ಕೆ ಒಂದು ಅಕ್ಷರ ಬರೆಯಿರಿ. ನಮ್ಮ ಚೀಟಿಗಳು ಬೆಳಗಾವಿಯ ಸಿಹಿ ಕುಂದಾ ತಂದಿದ್ದ ಡಬ್ಬಿಯಲ್ಲಿವೆ. ತೆರೆದಾಗ ಇನ್ನೂ ತುಪ್ಪದ ವಾಸನೆ ಬರುತ್ತದೆ.

ತಲೆಯಲ್ಲೇ ಮಾಡಬಹುದಲ್ಲ, ಚೀಟಿ ಯಾಕೆ ಅನ್ನಬೇಡಿ. ಬರೆದ ಪದವನ್ನು ನೋಡುತ್ತಿದ್ದರೆ ಕಣ್ಣು ಅದೇ ಪದವನ್ನು ಮತ್ತೆ ಮತ್ತೆ ಓದುತ್ತದೆ. ಚೀಟಿಗಳನ್ನು ದುಂಡಗೆ ಜೋಡಿಸಿ. ಮೊದಲು ಯಾವುದು, ಕೊನೆ ಯಾವುದು ಅನ್ನುವುದೇ ಮರೆತುಹೋಗುತ್ತದೆ. ಆಗ ಹೊಸ ಪದ ತಾನಾಗಿ ಕಾಣುತ್ತದೆ.

ಎರಡಕ್ಷರದಿಂದ ಶುರು ಮಾಡಿ

ಎರಡು ಚೀಟಿ, ಒಂದೇ ತಿರುವು. ಮಕ್ಕಳ ಕೈ ಪಳಗಲಿಕ್ಕೆ ಇದು ಸಾಕು. ಸರ–ರಸ. ವನ–ನವ. ಗಜ–ಜಗ. ರಥ–ಥರ. ಶವ–ವಶ. ವರ–ರವ. ಯಮ–ಮಯ. ಲಾಭ–ಭಲಾ. ರಾಜ–ಜರಾ. ಕೊನೆಯದಕ್ಕೆ ನಮ್ಮ ಕಡೆ ವಿವರಣೆ ಬೇಕಿಲ್ಲ. ದಿನಾ "ಜರಾ ಸರಕೊಳ್ರಿ" ಅನ್ನುವವರೇ ನಾವು. ಸಂಸ್ಕೃತದಿಂದ ಬಂದ 'ಜರಾ'ಕ್ಕೆ ಮುಪ್ಪು ಎಂಬ ಅರ್ಥವೂ ಇದೆ.

ನನಗೆ ಇವುಗಳಲ್ಲೆಲ್ಲ ಇಷ್ಟವಾದದ್ದು ರಾಶಿ–ಶಿರಾ. ತುಮಕೂರು ಕಡೆಯವರಿಗೆ ಶಿರಾ ಅಂದರೆ ಊರು. ನಮಗೆ ಅದು ರವೆ, ಸಕ್ಕರೆ, ತುಪ್ಪ ಹಾಕಿ ಮಾಡಿದ ಸಿಹಿ. ಜೋಳದ ರಾಶಿ ಮನೆಗೆ ಬಂದ ದಿನ ಶಿರಾ ಮಾಡಿದರೆ ಎರಡೂ ಪದ ಒಂದೇ ಮನೆಯಲ್ಲಿ!

ಮೂರು, ನಾಲ್ಕು ಅಕ್ಷರಕ್ಕೆ ಕೆಲವು ಕೀಲಿಗಳು

3 ಬೇರೆ ಬೇರೆ ಅಕ್ಷರಗಳನ್ನು 6 ರೀತಿ ಜೋಡಿಸಬಹುದು. 4 ಆದರೆ 24 ರೀತಿ. 5 ಆದರೆ 120. ಎಲ್ಲವನ್ನೂ ಒಂದೊಂದಾಗಿ ಇಟ್ಟು ನೋಡುತ್ತ ಕೂತರೆ ಊಟದ ಹೊತ್ತು ಮೀರುತ್ತದೆ. ಆದರೆ ಕನ್ನಡ ಪದಗಳಿಗೆ ಒಂದು ನಡಿಗೆ ಇದೆ. ಅದನ್ನು ತಿಳಿದರೆ ಮುಕ್ಕಾಲು ಪಾಲು ಜೋಡಣೆಗಳನ್ನು ನೋಡದೆಯೇ ಬಿಡಬಹುದು.

ಅ, ಆ, ಇ, ಉ, ಎ ತರಹದ ಬಿಡಿ ಸ್ವರ ಕೈಗೆ ಬಂದರೆ ಯೋಚನೆ ಬೇಡ, ಅದನ್ನು ಮೊದಲಿಗೇ ಇಡಿ. ಪದದ ನಡುವೆ ಅದು ಬರುವುದಿಲ್ಲ. ಣ, ಳ ಇದ್ದರೆ ಉಲ್ಟಾ. ಅವು ಪದದ ತಲೆಗೆ ಕೂರುವುದಿಲ್ಲ, ನಡುವೆ ಅಥವಾ ಕೊನೆಗೆ ತಳ್ಳಿ. ಕ್ಕ, ಲ್ಲ, ನ್ನ, ಮ್ಮ ತರಹ ಅದೇ ಅಕ್ಷರಕ್ಕೆ ಅದೇ ಒತ್ತು ಇದ್ದರೂ ಹಾಗೆಯೇ. ಪ್ರ, ಸ್ಥ, ಕ್ಷ ಮಾತ್ರ ಮೊದಲಿಗೆ ಬರಬಹುದು. ಬಾ, ಕೋ, ಗಾ ಹೀಗೆ ದೀರ್ಘ ಇದ್ದರೆ ಮೊದಲು ಮುಂದಿಟ್ಟು ನೋಡಿ. ಅಚ್ಚಗನ್ನಡ ಪದಗಳಲ್ಲಿ ದೀರ್ಘ ಸಾಮಾನ್ಯವಾಗಿ ಮೊದಲ ಅಕ್ಷರದಲ್ಲೇ ಇರುತ್ತದೆ: ಗಾಳಿ, ಕೋಟೆ, ಹಾಡು. ರು, ಲು, ಡು, ಳು ಹೆಚ್ಚಾಗಿ ಬಾಲಕ್ಕೆ ಬರುತ್ತವೆ. ಇವು ಕಾನೂನಲ್ಲ, ಅಂದಾಜು. 'ರುಚಿ'ಯಂಥವು ಯಾವಾಗಲೂ ಇದ್ದೇ ಇರುತ್ತವೆ.

'ಅವಸರ' ತೆಗೆದುಕೊಂಡು ನೋಡೋಣ. ಅ, ವ, ಸ, ರ. ಬಿಡಿ ಸ್ವರ ಇದೆ, ಹಾಗಾಗಿ ಅ ಮುಂದೆ. ಅದರ ಹಿಂದೆ ಒಂದೊಂದಾಗಿ ಇಡಿ: ಅವ. ಅವರ. ಅರಸ. ಈಗ ಅ ತೆಗೆದು ಪಕ್ಕಕ್ಕಿಡಿ. ಉಳಿದದ್ದು ವ, ಸ, ರ. ಸರ, ರಸ, ವರ, ರವ. ನಾಲ್ಕೇ ಚೀಟಿಯಲ್ಲಿ ಏಳು ಪದ. ಅವಸರದಲ್ಲಿ ಅರಸನಿದ್ದಾನೆ ಎಂದು ನಮಗೆ ಗೊತ್ತೇ ಇರಲಿಲ್ಲ.

ಎಲ್ಲ ಅಕ್ಷರ ಬಳಸಿ ಪೂರಾ ಹೊಸ ಪದ ಬರುವುದು ಅಪರೂಪ. ಬಂದರೆ ಮಜಾ ಬೇರೆ. ರಮಣ–ಮರಣ. ತಪನ–ಪತನ. ಮದನ–ದಮನ. ವದನ–ದವನ. ದವನ ಅಂದರೆ ಆ ಘಮಘಮ ಪತ್ರೆ. ಸವದತ್ತಿ ಎಲ್ಲಮ್ಮನ ದವನದ ಹುಣ್ಣಿಮೆ ಗೊತ್ತಿದ್ದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಕಲಿಸಿದರೂ ಹೊಳೆಯದವರು ಇದ್ದಾರೆ, ನನ್ನ ಭಾವ ಅವರಲ್ಲೊಬ್ಬರು.

ಇಲ್ಲೊಂದು ತಕರಾರು ಬಂದೇ ಬರುತ್ತದೆ. 'ಮಾನವ'ದಿಂದ 'ಮಾವನ' ಆಗುತ್ತದೆ. 'ಗಮನ'ದಿಂದ 'ಮಗನ'. 'ತವರು' ಹೊರಳಿದರೆ 'ತರುವ'. ವಿಭಕ್ತಿ ಹತ್ತಿದ ಪದ, ಕ್ರಿಯೆಯ ರೂಪ ನಡೆಯುತ್ತದೆಯೇ? ದೊಡ್ಡವರ ಆಟದಲ್ಲಿ ಬೇಡ ಎಂದೇ ನನ್ನ ಮತ. ಬಿಟ್ಟರೆ ಪ್ರತಿ ಪದಕ್ಕೂ ಅ, ಇಂದ, ಅಲ್ಲಿ ಅಂಟಿಸುತ್ತ ಹೋಗುತ್ತಾರೆ. ಮಕ್ಕಳಿಗೆ ಅರ್ಧ ಅಂಕ ಕೊಡಿ. ಏನೇ ಇರಲಿ, ಆಟ ಶುರುವಾಗುವ ಮೊದಲೇ ತೀರ್ಮಾನಿಸಿ. ನಡುವೆ ತೀರ್ಮಾನಿಸಲು ಹೋದರೆ ಚಹಾ ತಣ್ಣಗಾಗುತ್ತದೆ.

ದೊಡ್ಡ ಪದದೊಳಗೆ ಇಳಿಯುವುದು

ನಮ್ಮ ಜಿಲ್ಲೆಗಳ ಊರಿನ ಹೆಸರುಗಳು ಈ ಆಟಕ್ಕೆ ಹೇಳಿ ಮಾಡಿಸಿದಂತಿವೆ. ಅಕ್ಷರ ಜಾಸ್ತಿ, ಒತ್ತು ಕಡಿಮೆ. ಆದರೆ ಎಲ್ಲ ಊರೂ ಒಂದೇ ತರಹ ಉದಾರಿಯಲ್ಲ. ಬೆಳಗಾವಿಯಲ್ಲಿ ತಿಣುಕಿದರೂ ನಮಗೆ ಸಿಕ್ಕಿದ್ದು 'ಗಾಳ' ಒಂದೇ. ಬಾಗಲಕೋಟೆಯಲ್ಲಿ ಕೋಟೆ, ಬಾಲ, ಕೋಲ. ವಿಜಯಪುರದಲ್ಲಿ ವಿಜಯ, ಜಯ, ಪುರ, ರವಿ, ರಜ. ರಜ ಅಂದರೆ ಧೂಳು. ಶಾಲೆಗೆ ಕೊಡುವ ರಜೆ ಅಲ್ಲ.

ಊರಿನ ಹೆಸರು ಬಿಜಾಪುರ ಎಂದಿದ್ದಾಗ ಇಷ್ಟು ಸಂಪತ್ತು ಇರಲಿಲ್ಲ. ಪುರ ಒಂದು. ಇನ್ನೊಂದು 'ಜಾರ'. ಅದರ ಅರ್ಥ ಮಕ್ಕಳ ಮುಂದೆ ಹೇಳುವಂಥದ್ದಲ್ಲ. 2014ರ ನವೆಂಬರ್ 1ರಂದು ಹೆಸರು ಬದಲಾಗಿ ಬೇರೆ ಯಾರಿಗೆ ಏನು ಲಾಭವಾಯಿತೋ, ನಮ್ಮ ಆಟಕ್ಕಂತೂ ಆಯಿತು.

ಬಂಗಾರದ ಗಣಿ ಅಂದರೆ ಬಸವಣ್ಣನವರು ಹುಟ್ಟಿದ ಊರು. ಬಸವನಬಾಗೇವಾಡಿ. 8 ಅಕ್ಷರ: ಬ, ಸ, ವ, ನ, ಬಾ, ಗೇ, ವಾ, ಡಿ. ಪೂರ್ತಿ ಜೋಡಿಸಿ ನೋಡಲು ಹೋದರೆ 40,320 ಬಗೆ. ಹಾಗಾಗಿ ಗುಂಪು ಮಾಡಿಕೊಳ್ಳಿ. ಸಾದಾ ಅಕ್ಷರ ಒಂದು ಕಡೆ: ಬ, ಸ, ವ, ನ. ದೀರ್ಘಗಳು ಇನ್ನೊಂದು ಕಡೆ: ಬಾ, ಗೇ, ವಾ. ಡಿ ಒಂಟಿ.

ಮೊದಲ ಗುಂಪಿನಲ್ಲೇ ಬಸವ, ವನ, ನವ, ಬನ, ವಸನ ಸಿಕ್ಕವು. ವಸನ ಅಂದರೆ ಬಟ್ಟೆ. ಡಿ ಬಾಲಕ್ಕೆ ಹಾಕಿ ನೋಡಿದರೆ ನಡಿ, ಬಡಿ, ವಾಡಿ, ಬಾಡಿ. ವಾ ಮುಂದಿಟ್ಟರೆ ವಾಸ, ಇನ್ನೂ ಒಂದು ಹೆಜ್ಜೆ ಹೋದರೆ ವಾಸವ, ಅಂದರೆ ಇಂದ್ರ. ವಾ ನಡುವೆ ಬಂದರೆ ನವಾಬ! ಇದನ್ನು ಹುಡುಕಿದ್ದು ಸಣ್ಣವಳು, ಏಳನೇ ಕ್ಲಾಸು. ಅಣ್ಣನಿಗೆ ಹೊಟ್ಟೆಕಿಚ್ಚು. "ಗೇಡಿ!" ಎಂದು ಕೂಗಿದ.

ಅವ್ವ ತಲೆ ಅಲ್ಲಾಡಿಸಿದಳು. "ನಾಚಿಕೆಗೇಡಿ ಅದ, ಮಾನಗೇಡಿ ಅದ. ಬರೇ ಗೇಡಿ ಅಂತ ಎಲ್ಲೆದ? ಅದು ಒಂದ ನಿಂದ್ರೂದಿಲ್ಲ. ಅದಕ್ಕ ಮುಂದ ಯಾರರ ಬೇಕು."

ಆಮೇಲೆ ಚೀಟಿಗಳ ಕಡೆ ಬಗ್ಗಿ, ಕನ್ನಡಕ ಏರಿಸಿ, ಮೂರು ಚೀಟಿ ಎಳೆದು ಸಾಲಾಗಿ ಇಟ್ಟಳು. ಬಾ, ವ, ಡಿ. ಬಾವಡಿ, ಅಂದರೆ ಮೆಟ್ಟಿಲು ಇರುವ ದೊಡ್ಡ ಬಾವಿ. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ತಾಜ್ ಬಾವಡಿ, ಚಾಂದ್ ಬಾವಡಿ ಇರುವ ಊರಿನಲ್ಲಿ ಕೂತು ನಮಗದು ಹೊಳೆದಿರಲಿಲ್ಲ. ಹುಡುಗ ಒಪ್ಪಲಿಲ್ಲ. ನಿಘಂಟಿನಲ್ಲಿ ಇದೆಯೋ ಇಲ್ಲವೋ ಎಂದು ಫೋನ್ ತೆಗೆದ. "ಮೆಟ್ಟಲಾ ಇಳದು ಕೊಡಾ ತುಂಬಿಕೊಂಡು ಬಂದಾಕಿ ನಾನು. ನಿನ್ನ ಫೋನಿಗೆ ಏನ ಗೊತ್ತದ?" ಎಂದಳು ಅವ್ವ. ಅಂದಿನಿಂದ ನಮ್ಮಲ್ಲೊಂದು ನಿಯಮ. ನಿಘಂಟು ಏನೇ ಹೇಳಲಿ, ಮನೆಯ ಇಬ್ಬರು ಹಿರಿಯರು ಆ ಪದವನ್ನು ಬಳಸಿ ಒಂದೊಂದು ವಾಕ್ಯ ಹೇಳಿದರೆ ಅದು ಪದವೇ.

ಕಾಗುಣಿತದ ಹೊಂಡಗಳು

ಇದು ನಾನು ಬಿದ್ದ ಹೊಂಡ. ಓಣಿಯ ಗಣಪತಿ ಮುಂದೆ ಒಂದು ವರ್ಷ ಪದದ ಆಟ ನಡೆಸುವ ಕೆಲಸ ನನಗೆ ಬಂತು. ಫಲಕದ ಮೇಲೆ 'ಜನಕ' ಎಂದು ಬರೆದು, "ಇದನ್ನು ತಿರುಗಿಸಿದರೆ ಕಾಳು ತುಂಬಿಡುವ ಜಾಗ ಬರುತ್ತದೆ, ಹೇಳಿ" ಎಂದೆ. ಮಕ್ಕಳು ಕಣಜ, ಕಣಜ ಎಂದು ಕೂಗಿದರು. ನಾನು ಬೀಗಿದೆ. ಹಿಂದೆ ಕುರ್ಚಿಯಲ್ಲಿ ಕೂತಿದ್ದ ನಿವೃತ್ತ ಮಾಸ್ತರರೊಬ್ಬರು ಮೆಲ್ಲಗೆ ಎದ್ದರು. "ತಮ್ಮಾ, ಜನಕನ ಒಳಗ ಇರೂದು ನ. ಕಣಜಕ್ಕ ಣ ಎಲ್ಲಿಂದ ತಂದಿ?" ಧ್ವನಿವರ್ಧಕ ನನ್ನ ಕೈಯಲ್ಲಿತ್ತು. ಹೇಳಲು ಮಾತ್ರ ಏನೂ ಇರಲಿಲ್ಲ.

ಹಾಗಾಗಿ ನ–ಣ, ಲ–ಳ, ಶ–ಷ–ಸ ಬೇರೆ ಬೇರೆ ಚೀಟಿ. ದನ–ಧನ ಬೇರೆ. ಕಿವಿಗೆ ಒಂದೇ ಅನಿಸಿದರೂ ಕಣ್ಣಿಗೆ ಬೇರೆ. 'ವಿಮಾನ' ನೋಡಿ 'ಮನವಿ' ಎಂದು ಬರೆಯುವವರು ಬಹಳ. ಅಲ್ಲಿರುವುದು ಮಾ, ಮ ಅಲ್ಲ. ಅದೇ ಮೂರು ಚೀಟಿಯಿಂದ ಬರುವುದು 'ಮಾನವಿ', ರಾಯಚೂರು ಜಿಲ್ಲೆಯ ಊರು.

ಇನ್ನೊಂದು ಹೊಂಡ, ನಾವು ಮಾತಾಡುವ ರೀತಿಯದು. ರಾತ್ರಿ ಹಳ್ಳಿಯಲ್ಲೇ ಉಳಿಯುವ ಬಸ್ಸಿಗೆ ನಾವು 'ವಸ್ತಿ ಬಸ್ಸು' ಅನ್ನುತ್ತೇವೆ. ಬರೆಯುವಾಗ 'ವಸತಿ'. ವಸ್ತಿ 2 ಅಕ್ಷರ, ವಸತಿ 3. 'ಸರಕಾರ' ಎಂದು ಬರೆದರೆ 4 ಚೀಟಿ, 'ಸರ್ಕಾರ' ಎಂದು ಬರೆದರೆ 3. ಎರಡೂ ಬಳಕೆಯಲ್ಲಿವೆ. ಯಾವ ಬರಹ ಹಿಡಿದಿದ್ದೀರೋ ಅದನ್ನೇ ಆಟ ಮುಗಿಯುವವರೆಗೆ ಹಿಡಿಯಿರಿ. ಗೋಳಗುಮ್ಮಟ ಎಂದು ಬರೆದರೆ ಅದರಲ್ಲಿ 'ಗೋಳ' ಸಿಗುತ್ತದೆ, 'ಗುಮ್ಮ'ನೂ ಸಿಗುತ್ತಾನೆ. ಗೋಲಗುಂಬಜ್ ಎಂದು ಬರೆದರೆ ಇಬ್ಬರೂ ಮಾಯ.

ವಹಿ ಇಟ್ಟುಕೊಳ್ಳಿ

ಒಂದು ವಾರ ಆಡಿದ ಮೇಲೆ ಸಿಕ್ಕ ಪದಗಳು ಕೈತಪ್ಪಿ ಹೋಗುತ್ತವೆ. ಅದಕ್ಕೊಂದು ಸುಲಭ ದಾರಿ ಇದೆ. ಯಾವುದೇ ಪದ ಸಿಗಲಿ, ಅದರ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ. ಅದೇ ಆ ಪದದ ಕೀಲಿ. ಮದನ ಪದದ ಕೀಲಿ ದ, ನ, ಮ. ದಮನ ಪದದ್ದೂ ದ, ನ, ಮ. ಎರಡಕ್ಕೂ ಕೀಲಿ ಒಂದೇ, ಹಾಗಾಗಿ ಎರಡೂ ವಹಿಯ ಒಂದೇ ಸಾಲಿಗೆ ಬಂದು ಕೂರುತ್ತವೆ. ವದನ, ದವನಕ್ಕೆ ದನವ. ಸವತಿ, ವಸತಿಗೆ ತಿವಸ. ನಾಳೆ ಪದಬಂಧದಲ್ಲಿ ಯಾವುದೋ ಮೂರು ಅಕ್ಷರ ಎದುರಾದರೆ ತಿರುಗಿಸುತ್ತ ಕೂರಬೇಕಿಲ್ಲ. ಕೀಲಿ ಮಾಡಿ, ವಹಿ ತೆಗೆದು ಆ ಸಾಲು ನೋಡಿದರಾಯಿತು. ನಮ್ಮ ಸಣ್ಣವಳು ಇಟ್ಟ ವಹಿ ನನ್ನದಕ್ಕಿಂತ ದಪ್ಪ ಇದೆ.

ಅರ್ಥ ಹೇಳದಿದ್ದರೆ ಅಂಕ ಇಲ್ಲ

ಪದ ಸಿಕ್ಕಿತು ಎಂದು ಕುಣಿಯುವ ಮೊದಲು ಅರ್ಥ ಹೇಳಿ. ಸುಮ್ನೆ ಅಕ್ಷರ ಜೋಡಿಸಿ "ಇದು ಹಳಗನ್ನಡ" ಎಂದು ಹಾರಿಸುವವರು ಎಲ್ಲ ಮನೆಯಲ್ಲೂ ಒಬ್ಬರು ಇರುತ್ತಾರೆ. ಅರ್ಥದ ಜೊತೆ ಒಂದು ವಾಕ್ಯವನ್ನೂ ಕೇಳಿ. ಆಗ ಬಣ್ಣ ಬಯಲಾಗುತ್ತದೆ.

ಅನುಮಾನ ಬಂದರೆ ನಿಘಂಟು. ಕಿಟೆಲ್ ಅವರ 1894ರ ಕನ್ನಡ–ಇಂಗ್ಲಿಷ್ ನಿಘಂಟು ಹಳೆಯ ಪದಗಳಿಗೆ ಇಂದಿಗೂ ಒಳ್ಳೆಯದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟ, ಮನೆಯಲ್ಲಿ ಇಡುವಂಥದ್ದಲ್ಲ, ಲೈಬ್ರರಿಯಲ್ಲಿ ಕೇಳಿ. ಫೋನಿನಲ್ಲಾದರೆ ವಿ. ಕೃಷ್ಣ ಅವರ 'ಅಲರ್' ಉಚಿತವಾಗಿ ಸಿಗುತ್ತದೆ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಪದಗಳಿವೆ.

ನಿಘಂಟು ತೆರೆದಾಗ ಮೊದಲ ಅರ್ಥಕ್ಕೇ ನಿಲ್ಲಬೇಡಿ. 'ಗಜ' ಆನೆಯೂ ಹೌದು, ಬಟ್ಟೆ ಅಂಗಡಿಯ ಅಳತೆಯೂ ಹೌದು. 'ವರ' ದೇವರು ಕೊಡುವುದೂ ಹೌದು, ಮಂಟಪದಲ್ಲಿ ಕೂರುವವನೂ ಹೌದು. 'ಮಯ' ಪಾಂಡವರಿಗೆ ಸಭೆ ಕಟ್ಟಿಕೊಟ್ಟವನು, 'ಧೂಳುಮಯ' ಎಂಬಲ್ಲಿ ತುಂಬಿದ್ದು. 'ಸವತಿ'ಗೆ ಕಾಯಿ ಸೇರಿಸಿದರೆ ನಮ್ಮ ಕಡೆ ಅದು ಪಚಡಿಗೆ ಹಾಕುವ ಸವತಿಕಾಯಿ. ಪದಬಂಧ ಮಾಡುವವರು ನಿಮ್ಮನ್ನು ದಾರಿ ತಪ್ಪಿಸುವುದು ಇಂಥ ಎರಡನೇ ಅರ್ಥದಿಂದಲೇ.

ಸುಳಿವು ಬಿಡಿಸುವುದು, ಕಟ್ಟುವುದು

ಪದಬಂಧದ ಸುಳಿವಿನಲ್ಲಿ ತಿರುಗಿ, ಹೊರಳಿ, ಉಲ್ಟಾ, ಚೆದುರಿ, ಕದಡಿ, ತಲೆಕೆಳಗಾಗಿ, ಅದಲುಬದಲಾಗಿ ಎಂಬ ಪದ ಕಂಡರೆ ಕಿವಿ ನಿಮಿರಿಸಿ. ಅದರ ಪಕ್ಕದಲ್ಲಿರುವ ಪದವನ್ನು ಕಲಸಬೇಕು, ಸುಳಿವಿನ ಇನ್ನೊಂದು ತುದಿಯಲ್ಲಿ ಅರ್ಥ ಇರುತ್ತದೆ. 'ಕದಡಿದ ಸವತಿಗೆ ಉಳಿಯಲು ಜಾಗ (3)' ಎಂದರೆ ಉತ್ತರ ಯಾವುದೆಂದು ನಿಮಗೀಗ ಗೊತ್ತು. ಇನ್ನೂ ಕಷ್ಟದ ಸುಳಿವಿನಲ್ಲಿ ಕಲಸಬೇಕಾದ ಪದವನ್ನೇ ಹೇಳದೆ ಅದರ ಅರ್ಥ ಮಾತ್ರ ಕೊಡುತ್ತಾರೆ. 'ಹೊಳೆ ತಿರುಗಿದರೆ ಹೊತ್ತು ಮುಳುಗುವವರೆಗೆ (2)'. ಹೊಳೆ ಅಂದರೆ ನದಿ, ತಿರುಗಿದರೆ ದಿನ.

ನೀವೇ ಕಟ್ಟುವುದಾದರೆ ಎರಡೂ ಪದದ ಅರ್ಥ ಸೇರಿ ಒಂದು ಚಿತ್ರ ಮೂಡಬೇಕು. 'ಆನೆ ಹೊರಳಿದರೆ ಲೋಕ' ಎಂದರೆ ಸಪ್ಪೆ. 'ಆನೆ ಹಿಂದಿರುಗಿ ನೋಡಿದಾಗ ಲೋಕವೇ ಕಂಡಿತು' ಎಂದರೆ ಮಕ್ಕಳು ಆನೆಯನ್ನು ಕಣ್ಣಿಗೆ ತಂದುಕೊಳ್ಳುತ್ತಾರೆ. ಗಜ ಆಮೇಲೆ ಹೊಳೆಯುತ್ತದೆ. ಸಣ್ಣವಳು ಕಟ್ಟಿದ್ದು ಇದು: 'ಕಣದಾಗಿನ ಗುಡ್ಡಿ ಉಲ್ಟಾ ಬಿದ್ದರ ಬಾಯಿ ಸಿಹಿ'. ಅವಳಿಗೆ ಆ ದಿನ ಶಿರಾ ಎರಡು ಸಲ ಬಡಿಸಿದರು.

ಅಂಕದ ಲೆಕ್ಕ ನಮ್ಮಲ್ಲಿ ಹೀಗೆ: ಎರಡಕ್ಷರಕ್ಕೆ 1, ಮೂರಕ್ಷರಕ್ಕೆ 3, ಎಲ್ಲ ಚೀಟಿ ಬಳಸಿದರೆ 10. ಒಂದು ಸುತ್ತಿಗೆ 3 ನಿಮಿಷ. ಅವ್ವನಿಗೆ ಮಾತ್ರ ನಿಮಿಷದ ಲೆಕ್ಕ ಇಲ್ಲ.

ಇಂದು ಸಂಜೆಗೆ ನಿಮಗೆ ನಾಲ್ಕು ಹೆಸರು ಕೊಡುತ್ತೇನೆ, ಚೀಟಿ ಮಾಡಿಕೊಳ್ಳಿ. ತಾಳಿಕೋಟೆ: ಇದರಲ್ಲಿ ಬೆಳಗ್ಗೆ ಎಬ್ಬಿಸುವ ಒಂದು ಪಕ್ಷಿ ಇದೆ. ರಾಯಬಾಗ: ಗವಾಯಿಗಳಿಗೆ ಬೇಕಾದದ್ದು ಇದೆ. ಜಮಖಂಡಿ: ಬಿಡದೆ ಹಿಡಿದ ಮಳೆ ಒಂದು, ಮುಟ್ಟಬೇಡ ಅನ್ನುವ ಅಜ್ಜಿ ಉಟ್ಟದ್ದು ಇನ್ನೊಂದು. ಕರದಂಟು: ಕೈ, ಸೊಪ್ಪಿನ ಕಡ್ಡಿ, ಜೊತೆಗೆ ಒಂದು ಖಾರದ ರುಚಿ. ಅಷ್ಟು ಸಿಹಿ ತಿನಿಸಿನೊಳಗೆ ಆ ಖಾರ ಹೇಗೆ ಬಂತು ಎಂದು ಮಾತ್ರ ಅಮೀನಗಡದವರನ್ನೇ ಕೇಳಬೇಕು.